ಬಾಯಿ ಕಟ್ಟಿದ ಸರೋವರ

ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿ ಪಾಳಿ ಮಾಡುವ ಹುಡುಗ ಒಡಿಶಾದವನು. ಬೆಂಗಳೂರಿಗೆ ಬಂದು ನಾಲ್ಕು ವರ್ಷ ಆಯ್ತಂತೆ. "ಸಾರ್, ಊಟ ಆಯ್ತಾ" ಅನ್ನೋದನ್ನ ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನರಿಗಿಂತ ಚೆನ್ನಾಗಿ ಹೇಳ್ತಾನೆ. ಹೋದ ಫೆಬ್ರವರಿಯಲ್ಲಿ ಆಫೀಸಿನ ಗೆಳೆಯನ ಮದುವೆಗೆ ಭುವನೇಶ್ವರಕ್ಕೆ ಹೊರಟಿದ್ದೆ. ಬೆಳಗಿನ ಜಾವ ಕ್ಯಾಬ್ ಕಾಯ್ತಾ ನಿಂತಿದ್ದಾಗ "ಎಲ್ಲಿಗೆ ಸಾರ್?" ಅಂದ. ಹೇಳಿದೆ. ಮುಖ ಅರಳಿತು. "ಚಿಲಿಕಾ ನೋಡ್ಕೊಂಡು ಬನ್ನಿ ಸಾರ್. ಸಾತಪಡಾದಲ್ಲಿ ನಮ್ಮ ಚಿಕ್ಕಪ್ಪ ಬೋಟ್ ಓಡಿಸ್ತಾರೆ" ಅಂತ ಅಲ್ಲೇ ನಿಂತು ನಂಬರ್ ಕಳಿಸಿದ.

ಮದುವೆ ಮುಗಿದ ಮೇಲೆ ಪುರಿಗೆ ಹೋಗಿ, ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ಸಾತಪಡಾಕ್ಕೆ ಹೋದೆವು. ಐದು ಜನ ಇದ್ದೆವು. ಚಿಕ್ಕಪ್ಪನ ಬೋಟು ಉದ್ದನೆಯ ಮರದ ದೋಣಿ, ಹಿಂದೆ ಡೀಸೆಲ್ ಎಂಜಿನ್, ಮೇಲೆ ಬಣ್ಣ ಮಾಸಿದ ತಗಡಿನ ಚಾವಣಿ. ಅರ್ಧ ಗಂಟೆ ಹೋದ ಮೇಲೆ ಅವರು ಎಂಜಿನ್ ಬಂದ್ ಮಾಡಿ ಸುಮ್ಮನೆ ಕೂತರು. ಎಂಟ್ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ದೂರದಲ್ಲಿ ಬೂದು ಬಣ್ಣದ ಒಂದು ಬೆನ್ನು, ಬೆರಳುಗುರಿನಷ್ಟು ರೆಕ್ಕೆ. ಎರಡು ಸೆಕೆಂಡ್, ಮಾಯ. ಅಷ್ಟು ಹೊತ್ತಿಗೆ ಇನ್ನೂ ನಾಲ್ಕು ಬೋಟುಗಳು ಎಂಜಿನ್ ಗುಡುಗಿಸುತ್ತಾ ಅದೇ ಕಡೆ ನುಗ್ಗಿದವು. ನಮ್ಮವರೂ ಶುರು ಮಾಡಿದರು: "ಭಯ್ಯಾ, ಥೋಡಾ ಔರ್ ಪಾಸ್!" ಕೂಗಿದವರಲ್ಲಿ ನಾನೂ ಒಬ್ಬ, ಸುಳ್ಳು ಹೇಳಲ್ಲ. ಚಿಕ್ಕಪ್ಪ ನಮ್ಮನ್ನೊಮ್ಮೆ ನೋಡಿ, ಎಂಜಿನ್ ಶುರು ಮಾಡಿದರು. ಹತ್ತಿರ ಹೋದೆವು. ಏನೂ ಇರಲಿಲ್ಲ. ಫೋನಿನಲ್ಲಿ ಬಂದಿದ್ದು ನಲವತ್ತು ಫೋಟೋ, ನಲವತ್ತರಲ್ಲೂ ಬರೀ ನೀರು.

ವಾಪಸ್ ಬರುವಾಗ ಅವರು ಒಂದು ಮರಳು ದಿಬ್ಬದ ಕಡೆ ಕೈ ತೋರಿಸಿ ಹಿಂದಿಯಲ್ಲಿ ಹೇಳಿದರು: "ಅಲ್ಲಿ ಬಾಯಿ ಕಡಿದಿದ್ದು. ನನ್ನ ದೊಡ್ಡ ಮಗ ಹುಟ್ಟಿದ ವರ್ಷ. ಅದಕ್ಕೆ ಮೊದಲು ಇಲ್ಲಿ ಬಲೆ ಹಾಕಿದರೆ ಬರೀ ಕಳೆ ಬರ್ತಿತ್ತು."

ಬಾಯಿ ಕಡಿದಿದ್ದು ಅಂದ್ರೆ? ಸರೋವರಕ್ಕೆ ಬಾಯಿ ಕಡಿಯೋದಾ? ಆ ಪ್ರಶ್ನೆ ಹಿಡಿದುಕೊಂಡು ಬೆಂಗಳೂರಿಗೆ ಬಂದು, ನಾಲ್ಕು ತಿಂಗಳು ಸಿಕ್ಕಿದ್ದೆಲ್ಲ ಓದಿದೆ. ಓದಿದ್ದರ ಸಾರಾಂಶ ಈ ಬರಹ. ಡಾಲ್ಫಿನ್ ಫೋಟೋ ಸಿಗದಿದ್ದರೂ ಒಂದು ಚರಿತ್ರೆ ಸಿಕ್ಕಿತು.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಚಿಲಿಕಾವನ್ನ ನಾವು ಸರೋವರ ಅಂತ ಶಾಲೆಯಲ್ಲಿ ಓದಿದ್ದೀವಿ. ಆದರೆ ಅದು ನಮ್ಮ ಕೆರೆಗಳ ಥರದ್ದಲ್ಲ. ಸಮುದ್ರದ ಪಕ್ಕದಲ್ಲೇ, ಉದ್ದನೆಯ ಮರಳು ಪಟ್ಟಿಯೊಂದರ ಹಿಂದೆ ನಿಂತ ನೀರು. ಇಂಗ್ಲಿಷಿನವರು ಇಂಥದ್ದಕ್ಕೆ ಲಗೂನ್ ಅಂತಾರೆ. ಒಂದು ಕಡೆಯಿಂದ ಮಹಾನದಿಯ ಕವಲುಗಳಾದ ದಯಾ, ಭಾರ್ಗವಿ ಮುಂತಾದ ನದಿಗಳು ಸಿಹಿನೀರು ತಂದು ಸುರಿಯುತ್ತವೆ. ಇನ್ನೊಂದು ಕಡೆಯಿಂದ ಬಂಗಾಳ ಕೊಲ್ಲಿ ಉಪ್ಪುನೀರು ಕಳಿಸುತ್ತದೆ. ಎರಡೂ ಬೆರೆಯುವ ಜಾಗವೇ ಚಿಲಿಕಾ. ಮಳೆಗಾಲದಲ್ಲಿ ಸುಮಾರು 1,165 ಚದರ ಕಿಲೋಮೀಟರ್‌ವರೆಗೆ ಹರಡಿಕೊಳ್ಳುತ್ತದೆ, ಬೇಸಿಗೆಯಲ್ಲಿ 900ರ ಆಸುಪಾಸಿಗೆ ಕುಗ್ಗುತ್ತದೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಅಂತ ನಾವು ಕರೆಯುತ್ತಿದ್ದ ಊರಿಡೀ ಅದರೊಳಗೆ ಆರಾಮಾಗಿ ಮುಳುಗುತ್ತದೆ. ಆದರೆ ಆಳ ಮಾತ್ರ ಕಡಿಮೆ. ಬಹಳ ಕಡೆ ಒಂದೆರಡು ಆಳು ಮುಳುಗುವಷ್ಟೂ ಇಲ್ಲ.

ಈ ನೀರು ಜೀವಂತವಾಗಿರಬೇಕಾದರೆ ಮರಳು ಪಟ್ಟಿಯಲ್ಲಿ ಒಂದು ಸೀಳು ಬೇಕು. ನಮ್ಮ ಕರಾವಳಿಯವರು ಅದಕ್ಕೆ ಅಳಿವೆ ಅಂತಾರೆ, ಅಳಿವೆ ಬಾಗಿಲು ಅಂತಲೂ ಅಂತಾರೆ. ಒಡಿಯಾದಲ್ಲಿ ಅದು ಮುಹಾಣ, ಅಂದರೆ ಬಾಯಿ. ಭರತ ಬಂದಾಗ ಈ ಬಾಯಿಂದ ಉಪ್ಪುನೀರು ಒಳಗೆ, ಇಳಿತಕ್ಕೆ ಹೂಳು ಹೊರಗೆ. ಸಮುದ್ರದಲ್ಲಿ ಮೊಟ್ಟೆಯಿಂದ ಹೊರಬಂದ ಸಿಗಡಿ ಮರಿಗಳು, ಏಡಿ ಮರಿಗಳು ಈ ಬಾಯಿಂದಲೇ ಒಳಗೆ ಬಂದು, ಬೆಳೆದು, ಮತ್ತೆ ಮೊಟ್ಟೆಯಿಡಲು ಇದೇ ಬಾಯಿಂದ ಹೊರಗೆ ಹೋಗಬೇಕು. ಬಾಯಿ ಮುಚ್ಚಿದರೆ ಊಟವೂ ಇಲ್ಲ, ಉಸಿರೂ ಇಲ್ಲ. ತೊಂದರೆ ಏನಂದ್ರೆ, ಆ ಕರಾವಳಿಯಲ್ಲಿ ಅಲೆಗಳು ವರ್ಷವಿಡೀ ಮರಳನ್ನ ದಕ್ಷಿಣದಿಂದ ಉತ್ತರಕ್ಕೆ ತಳ್ಳುತ್ತಲೇ ಇರುತ್ತವೆ. ಹಾಗಾಗಿ ಬಾಯಿ ಒಂದೇ ಕಡೆ ನಿಲ್ಲುವುದಿಲ್ಲ. ಉತ್ತರಕ್ಕೆ ಸರಿಯುತ್ತಾ, ಕಿರಿದಾಗುತ್ತಾ, ಕೊನೆಗೆ ಕಟ್ಟಿಕೊಳ್ಳುತ್ತದೆ. ಚಿಲಿಕಾದ ಚರಿತ್ರೆ ಅಂದರೆ ಬಹುಪಾಲು ಈ ಬಾಯಿಯ ಚರಿತ್ರೆಯೇ.

ಈ ಸರೋವರ ಹುಟ್ಟಿದ್ದು ಹೇಗೆ ಅನ್ನುವುದಕ್ಕೆ ಪುರಿಯ ದೇವಾಲಯದ ಮಾದಳಾ ಪಾಂಜಿ ಪರಂಪರೆಯಲ್ಲಿ ಒಂದು ಕಥೆ ಇದೆ. ರಕ್ತಬಾಹು ಎಂಬ ದಂಡಯಾತ್ರಿಕ ಹಡಗುಗಳಲ್ಲಿ ಪುರಿಯ ಮೇಲೆ ಬಂದನಂತೆ. ಹಡಗಿನ ಕಸ ತೇಲಿ ಬಂದಿದ್ದು ನೋಡಿ ಊರಿನವರಿಗೆ ಸುಳಿವು ಸಿಕ್ಕಿ, ಜಗನ್ನಾಥನನ್ನೂ ಕರೆದುಕೊಂಡು ಪರಾರಿಯಾದರಂತೆ. ಗುಟ್ಟು ಬಿಟ್ಟುಕೊಟ್ಟ ಸಮುದ್ರದ ಮೇಲೆಯೇ ರಕ್ತಬಾಹು ಸಿಟ್ಟಿನಿಂದ ಏರಿ ಹೋದ. ಸಮುದ್ರ ಹಿಂದೆ ಸರಿದು, ತಿರುಗಿ ನುಗ್ಗಿ, ಅವನ ಸೈನ್ಯವನ್ನ ನುಂಗಿ, ಹಾಗೇ ನಿಂತುಬಿಟ್ಟಿತು. ನಿಂತ ನೀರೇ ಚಿಲಿಕಾ. ಕಥೆಯನ್ನ ಕಥೆಯಾಗಿಯೇ ತಗೊಳ್ಳಿ. ಆದರೆ ಸಮುದ್ರವೇ ಒಳಗೆ ಬಂದು ಉಳಿದುಕೊಂಡಿದ್ದು ಅನ್ನುವ ತಿಳಿವಳಿಕೆ ಅದರಲ್ಲಿ ಇದೆಯಲ್ಲ, ಅದು ಭೂವಿಜ್ಞಾನಿಗಳು ಹೇಳುವುದಕ್ಕಿಂತ ತೀರಾ ದೂರ ಇಲ್ಲ.

ಒಂದು ಕಾಲದಲ್ಲಿ ಆ ಬಾಯಿಯ ಮೂಲಕ ಹಡಗುಗಳೂ ಬರುತ್ತಿದ್ದವು. ಸಾತಪಡಾದ ಎದುರಿಗಿನ ಮಾಣಿಕಪಾಟಣ ಹಳೆಯ ಬಂದರು. ಅಲ್ಲಿ ಅಗೆದಾಗ ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ. ಊರಿನ ಹೆಸರಿಗೆ ಮಾಣಿಕ ಎಂಬ ಮೊಸರು ಮಾರುವವಳ ಕಥೆ ಹೇಳುತ್ತಾರೆ. 15ನೇ ಶತಮಾನದ ಗಜಪತಿ ಪುರುಷೋತ್ತಮದೇವ ಕಂಚಿಯ ಮೇಲೆ ದಂಡು ಹೊರಟಾಗ, ಅವನಿಗಿಂತ ಮುಂದೆ ಕಪ್ಪು ಕುದುರೆ, ಬಿಳಿ ಕುದುರೆ ಏರಿ ಇಬ್ಬರು ಸವಾರರು ಹೋದರಂತೆ. ಮಾಣಿಕನ ಹತ್ತಿರ ಮೊಸರು ಕುಡಿದು, "ದುಡ್ಡು ಹಿಂದೆ ಬರುವ ರಾಜ ಕೊಡ್ತಾನೆ" ಅಂತ ಉಂಗುರ ಒತ್ತೆ ಇಟ್ಟು ಹೋದರಂತೆ. ಅವರು ಜಗನ್ನಾಥ, ಬಲಭದ್ರ. ದೇವರೇ ಸಾಲ ಹೇಳಿ ಹೋದ ಊರು ಇದು.

ಇಲ್ಲಿ ನಮಗೊಂದು ಕೊಂಡಿ ಇದೆ. ಈ ಗಜಪತಿಗಳ ಬಿರುದಾವಳಿಯಲ್ಲಿ 'ನವಕೋಟಿ ಕರ್ಣಾಟ ಕಲಬರ್ಗೇಶ್ವರ' ಅಂತ ಒಂದು ಬಿರುದು ಇತ್ತು. ಕಲಬುರಗಿಯನ್ನ ಅವರು ಎಷ್ಟು ಆಳಿದರು ಅನ್ನೋದು ಬೇರೆ ಚರ್ಚೆ, ಬಿರುದಂತೂ ಜೋರಾಗಿದೆ. ಕಲಬುರಗಿಗೂ ಚಿಲಿಕಾ ಸೀಮೆಗೂ ಇದಕ್ಕಿಂತ ಹಳೆಯ ನಂಟೂ ಇದೆ. ಚಿಲಿಕಾಗೆ ನೀರು ತರುವ ದಯಾ ನದಿ ಹರಿದು ಬರುವುದು ಧೌಲಿಯ ಪಕ್ಕದಲ್ಲಿ. ಕಳಿಂಗ ಯುದ್ಧದ ನಂತರ ಅಶೋಕ ಕಳಿಂಗದ ಜನರಿಗಾಗಿಯೇ ಬರೆಸಿದ ಪ್ರತ್ಯೇಕ ಶಾಸನಗಳಿರುವುದು ಧೌಲಿಯಲ್ಲಿ ಮತ್ತು ಗಂಜಾಂ ಕಡೆಯ ಜೌಗಡದಲ್ಲಿ. ಅವೇ ಶಾಸನಗಳು ಮೂರನೆಯದಾಗಿ ಎಲ್ಲಿ ಸಿಕ್ಕವು ಗೊತ್ತಾ? ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ. ಕಳಿಂಗದವರಿಗೆ ಬರೆದ ಕಾಗದ ಭೀಮಾ ತೀರದಲ್ಲೂ ಬಟವಾಡೆಯಾಗಿತ್ತು.

ಆದರೆ ಬಂದರಿನ ಕಾಲ ಮುಗಿಯಿತು. ಬಾಯಿಯಲ್ಲಿ ಮರಳು ತುಂಬಿಕೊಂಡಂತೆ ದೊಡ್ಡ ಹಡಗುಗಳು ದೂರವಾದವು. ಉಳಿದವರು ಮೀನುಗಾರರು ಮತ್ತು ಉಪ್ಪು ಮಾಡುವವರು.

1803ರಲ್ಲಿ ಒಡಿಶಾದ ಕರಾವಳಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಉಪ್ಪು ಕಂಪನಿಯ ಏಕಸ್ವಾಮ್ಯವಾಯಿತು. ಸಾಹೇಬರಿಗೆ ಚಿಲಿಕಾ ಎರಡು ಕಾರಣಕ್ಕೆ ಬೇಕಿತ್ತು: ಒಂದು ಉಪ್ಪು, ಇನ್ನೊಂದು ಮೋಜು. ದಕ್ಷಿಣ ತುದಿಯ ರಂಭಾದಲ್ಲಿ ಇವತ್ತಿಗೂ ಬೋಟಿನವರು ಎರಡು ಜಾಗ ತೋರಿಸುತ್ತಾರೆ. ಒಂದು, ಬಂಡೆಯ ಮೇಲೆ ನಿಂತ ಗೋಪುರ. ಗಂಜಾಂನ ಕಲೆಕ್ಟರ್ ಆಗಿದ್ದ ಸ್ನಾಡ್‌ಗ್ರಾಸ್ ಸಾಹೇಬ ಕಟ್ಟಿಸಿದ್ದು ಅಂತಾರೆ. ಇನ್ನೊಂದು 'ಬ್ರೇಕ್‌ಫಾಸ್ಟ್ ಐಲ್ಯಾಂಡ್', ಕಲ್ಲಿಕೋಟೆಯ ರಾಜನ ಬಂಗಲೆಯ ಅವಶೇಷ ಇರುವ ಪುಟ್ಟ ದ್ವೀಪ. ಈ ಕಲ್ಲಿಕೋಟೆ ಕೇರಳದ್ದಲ್ಲ, ಗಂಜಾಂನದ್ದು. ರೆಸಾರ್ಟ್, ಬ್ರಂಚ್ ಇವೆಲ್ಲ ನಮ್ಮ ತಲೆಮಾರಿನ ಸಂಶೋಧನೆ ಅಂದುಕೊಂಡಿದ್ದರೆ ಬಿಟ್ಟುಬಿಡಿ.

ಆ ಕಾಲದ ಇನ್ನೊಬ್ಬ ಸಾಹೇಬನ ಬಗ್ಗೆ ಹೇಳಲೇಬೇಕು. ವಾಲ್ಟರ್ ಎಲಿಯಟ್. 1824ರ ಕಿತ್ತೂರಿನ ಕದನದಲ್ಲಿ ಥ್ಯಾಕರೆ ಸತ್ತ ಮೇಲೆ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ ಈತ. ಆಗ ಇನ್ನೂ ಇಪ್ಪತ್ತೊಂದರ ಹುಡುಗ. ಬಿಡುಗಡೆಯಾದ ಮೇಲೆ ಧಾರವಾಡ ಸೀಮೆಯಲ್ಲೇ ಕೆಲಸ ಮಾಡುತ್ತಾ ಸುಮಾರು 600 ಶಾಸನಗಳ ನಕಲು ಮಾಡಿಸಿದ. ಆ ಭಾಗದ ಕಾಡುಪ್ರಾಣಿಗಳ ಪಟ್ಟಿಯನ್ನೂ ಮಾಡಿದ. ಆಮೇಲೆ ಪೂರ್ವ ಕರಾವಳಿಗೆ ವರ್ಗವಾಗಿ ಹೋದ. ಅಲ್ಲಿ ವಿಶಾಖಪಟ್ಟಣದ ಬಂದರಿನಲ್ಲಿ 1852ರಲ್ಲಿ ಸಿಕ್ಕ ಒಂದು ವಿಚಿತ್ರ ಡಾಲ್ಫಿನ್ ಅವನ ಸಂಗ್ರಹ ಸೇರಿ ಇಂಗ್ಲೆಂಡಿಗೆ ಹೋಯಿತು. ಉದ್ದ ಮೂತಿ ಇಲ್ಲ, ಗುಂಡು ಹಣೆ. ಅದನ್ನ ನೋಡಿ ರಿಚರ್ಡ್ ಓವೆನ್ 1866ರಲ್ಲಿ 'ಬ್ರೆವಿರೋಸ್ಟ್ರಿಸ್' ಅಂತ ಹೆಸರಿಟ್ಟ. ಗಿಡ್ಡ ಮೂತಿಯದು ಅಂತ ಅರ್ಥ. ಇವತ್ತು ನಾವು ಇರಾವತಿ ಡಾಲ್ಫಿನ್ ಅನ್ನುವುದು ಇದನ್ನೇ. ನಾನು ಅಟ್ಟಿಸಿಕೊಂಡು ಹೋದ ಆ ಬೂದು ಬೆನ್ನು ಇದರದ್ದೇ. ಕಿತ್ತೂರಿನ ಕೈದಿಯೊಬ್ಬನಿಂದ ಶುರುವಾದ ಹೆಸರು!

ಅದೇ 1866 ಒಡಿಶಾದಲ್ಲಿ ಇನ್ನೊಂದಕ್ಕೆ ನೆನಪಾಗುತ್ತದೆ. ಆ ವರ್ಷದ ಭೀಕರ ಬರಗಾಲದಲ್ಲಿ ಒಡಿಶಾದ ಮೂರನೇ ಒಂದು ಭಾಗ ಜನ ಸತ್ತರು ಅಂತ ಅಂದಾಜು. ಅದಕ್ಕೆ ಸ್ವಲ್ಪ ಮೊದಲಷ್ಟೇ ಸರ್ಕಾರ ಉಪ್ಪು ತಯಾರಿಕೆಯಿಂದ ಕೈ ತೆಗೆದಿದ್ದರಿಂದ ಕರಾವಳಿಯ ಉಪ್ಪಿನ ಕೆಲಸದವರು ಕೂಲಿ ಕಳೆದುಕೊಂಡಿದ್ದರು. ಲಂಡನ್ನಿನಲ್ಲಿ ಒಂದು ಡಾಲ್ಫಿನ್‌ಗೆ ಹೆಸರು ಸಿಕ್ಕ ವರ್ಷ, ಇಲ್ಲಿ ದಡದ ಮೇಲೆ ಸತ್ತವರ ಹೆಸರು ಬರೆದುಕೊಳ್ಳುವವರೂ ಇರಲಿಲ್ಲ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಅಭ್ಯಾಸ ನಮಗಿಲ್ಲ. ಚಿಲಿಕಾದ ಮಟ್ಟಿಗೆ ಆ ಅಭ್ಯಾಸ ಬೇಕು.

ಚಿಲಿಕಾದ ಜೀವಿಗಳನ್ನ ಮೊದಲ ಬಾರಿ ಕ್ರಮವಾಗಿ ಎಣಿಸಿದವರು ನೆಲ್ಸನ್ ಅನ್ನಾಂಡೇಲ್ ಮತ್ತು ಸ್ಟ್ಯಾನ್ಲಿ ಕೆಂಪ್. 1914ರ ಸುಮಾರಿಗೆ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನಿಂದ ಬಂದು ಸಿಗಡಿ, ಮೃದ್ವಂಗಿ, ಮೀನು, ಹುಳು ಎಲ್ಲವನ್ನೂ ಪಟ್ಟಿ ಮಾಡಿದರು. ಅನ್ನಾಂಡೇಲ್ 1916ರಲ್ಲಿ ಶುರುವಾದ ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣಾಲಯದ ಮೊದಲ ನಿರ್ದೇಶಕ. ಮರುವರ್ಷ ಆತ ಬರ್ಕುಡಾ ದ್ವೀಪದಲ್ಲಿ ಸಿಕ್ಕ, ಕಾಲೇ ಇಲ್ಲದ ಒಂದು ಹಾವುರಾಣಿಯನ್ನ ವರ್ಣಿಸಿ ದ್ವೀಪದ ಹೆಸರನ್ನೇ ಇಟ್ಟ: ಬರ್ಕುಡಿಯಾ. ಸರೋವರದ ಮಧ್ಯದ ಒಂದು ಚೂರು ನೆಲದಲ್ಲಿ ಇಂಥದ್ದೊಂದು ಜೀವಿ ಮಣ್ಣೊಳಗೆ ಯಾರಿಗೂ ಕಾಣದೆ ಓಡಾಡಿಕೊಂಡಿತ್ತು.

ಈಗ ಮೀನುಗಾರರ ವಿಷಯಕ್ಕೆ ಬರೋಣ. ಎಲ್ಲರೂ ಎಲ್ಲ ಕಡೆ ಬಲೆ ಬೀಸುವ ಪದ್ಧತಿ ಚಿಲಿಕಾದಲ್ಲಿ ಯಾವತ್ತೂ ಇರಲಿಲ್ಲ. ಯಾವ ಊರಿನವರಿಗೆ ಯಾವ ನೀರು, ಯಾವ ಜಾತಿಯವರು ಯಾವ ಬಲೆ, ಯಾವ ಕಾಲದಲ್ಲಿ ಎಲ್ಲಿ ಹಿಡಿಯಬಾರದು ಅಂತೆಲ್ಲ ಕಟ್ಟಳೆ ಇತ್ತು. ಕೇವಟ, ಕಂಡರಾ, ತಿಯರ, ಖಟಿಯಾ, ತೆಲುಗು ಮೂಲದ ನೋಲಿಯಾ ಹೀಗೆ ಒಬ್ಬೊಬ್ಬರದ್ದು ಒಂದೊಂದು ಕಸುಬು. ಜಾತಿಯ ವ್ಯವಸ್ಥೆಯನ್ನ ನಾನೇನೂ ಹೊಗಳ್ತಿಲ್ಲ. ಅದರೊಳಗೆ ಮೇಲು ಕೀಳು ಇತ್ತು, ಕಷ್ಟ ಇತ್ತು. ಆದರೆ ನೀರಿನ ಮೇಲೆ ಹಕ್ಕು ಮೀನುಗಾರರದ್ದು ಅನ್ನುವುದು ಅದರಲ್ಲಿ ಗಟ್ಟಿಯಾಗಿತ್ತು. ಜಮೀನ್ದಾರರಿಗೆ ಗುತ್ತಿಗೆ ಹಣ ಕೊಟ್ಟು ಹಿಡಿಯುತ್ತಿದ್ದರು. 1950ರ ದಶಕದಲ್ಲಿ ಜಮೀನ್ದಾರಿ ಹೋಯಿತು. 1959ರಲ್ಲಿ ಕೇಂದ್ರ ಸಹಕಾರ ಸಂಘ ಬಂತು, ಸಂಘದ ಮೂಲಕ ಹಳ್ಳಿಗಳ ಮೀನುಗಾರ ಸೊಸೈಟಿಗಳಿಗೆ ಗುತ್ತಿಗೆ. ಕುಂಟುತ್ತಲಾದರೂ ನಡೀತಿತ್ತು.

ಕೆಡಿಸಿದ್ದು ಸಿಗಡಿ. 1980ರ ದಶಕದಲ್ಲಿ ವಿದೇಶದಲ್ಲಿ ಸಿಗಡಿಗೆ ಬಂಗಾರದ ಬೆಲೆ ಬಂತು. ಯಾವತ್ತೂ ಬಲೆ ಮುಟ್ಟದ ದುಡ್ಡಿದ್ದವರು ಸರೋವರದೊಳಗೇ ಬಿದಿರು, ಬಲೆ, ಮಣ್ಣಿನ ಒಡ್ಡು ಹಾಕಿ ನೀರಿಗೆ ಬೇಲಿ ಕಟ್ಟಿದರು. ಇದಕ್ಕೆ ಘೇರಿ ಅಂತಾರೆ. ನೀರಿಗೆ ಸೈಟ್ ಹಾಕಿದ ಹಾಗೆ ಅನ್ನಿ. ಬೆಂಗಳೂರಿನ ಕೆರೆಗಳ ಕಥೆ ಗೊತ್ತಿರುವ ನಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. 1991ರ ಸರ್ಕಾರಿ ಗುತ್ತಿಗೆ ನೀತಿ 'ಹಿಡಿಯುವ' ಮೀನುಗಾರಿಕೆ ಬೇರೆ, 'ಸಾಕುವ' ಮೀನುಗಾರಿಕೆ ಬೇರೆ ಅಂತ ಎರಡು ಭಾಗ ಮಾಡಿ, ಹೊರಗಿನವರಿಗೆ ಕಾನೂನಿನ ಬಾಗಿಲನ್ನೇ ತೆರೆಯಿತು. ಅದೇ ಹೊತ್ತಿಗೆ ಟಾಟಾ ಕಂಪನಿ ಮತ್ತು ರಾಜ್ಯ ಸರ್ಕಾರದ ಜಂಟಿ ಸಿಗಡಿ ಯೋಜನೆಯೂ ಎದ್ದು ನಿಂತಿತು.

ಮೀನುಗಾರರು ಎದ್ದರು. ಉತ್ಕಲ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಜೊತೆಗೆ ನಿಂತರು. ಬಂಕಬಿಹಾರಿ ದಾಸ್ ಅವರಂಥ ಹಿರಿಯ ಸಮಾಜವಾದಿಗಳು ಬಂದರು. 'ಚಿಲಿಕಾ ಬಚಾವೋ ಆಂದೋಲನ' ಹುಟ್ಟಿತು. ಕಂಪನಿ ಯೋಜನೆಯಿಂದ ಹಿಂದೆ ಸರಿಯಿತು. ಮುಂದೆ, ತಮಿಳುನಾಡಿನ ಗಾಂಧಿವಾದಿ ಎಸ್. ಜಗನ್ನಾಥನ್ ಹೂಡಿದ್ದ ಮೊಕದ್ದಮೆಯಲ್ಲಿ 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, ಚಿಲಿಕಾ ಮತ್ತು ಪುಲಿಕಾಟ್ ಸರೋವರಗಳ 1,000 ಮೀಟರ್ ಸುತ್ತಳತೆಯೊಳಗೆ ಸಿಗಡಿ ಕೃಷಿ ಕೂಡದು ಅಂದಿತು.

ತೀರ್ಪು ಬಂತು, ಘೇರಿ ಹೋಗಲಿಲ್ಲ. ಕಾದು ಕಾದು ಸಾಕಾದ ಮೀನುಗಾರರು 1999ರ ಮೇ 29ರಂದು ತಾವೇ ಘೇರಿಗಳನ್ನ ಕಿತ್ತುಹಾಕಲು ಹೋದರು. ಆ ರಾತ್ರಿ ಸೋರನಾ ಎಂಬ ಹಳ್ಳಿಯಲ್ಲಿ ಪೊಲೀಸರ ಗುಂಡಿಗೆ 4 ಜನ ಸತ್ತರು. ಕೋರ್ಟು ಯಾರ ಪರವಾಗಿ ತೀರ್ಪು ಕೊಟ್ಟಿತ್ತೋ ಅವರೇ ಸತ್ತವರು. ಪ್ರವಾಸಿ ಬ್ರೋಷರ್‌ಗಳಲ್ಲಿ ಸೋರನಾದ ಹೆಸರು ಇರುವುದಿಲ್ಲ.

ಈ ಜಗಳ ನಡೆಯುತ್ತಿದ್ದಾಗಲೇ ಸರೋವರವೇ ಸಾಯುತ್ತಿತ್ತು. 1981ರಲ್ಲಿ ಭರತಪುರದ ಕೇವಲಾದೇವ್ ಜೊತೆ ಚಿಲಿಕಾ ಭಾರತದ ಮೊದಲ ರಾಮ್ಸಾರ್ ತಾಣಗಳಲ್ಲಿ ಒಂದಾಗಿತ್ತು. ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ. ಹನ್ನೆರಡೇ ವರ್ಷದಲ್ಲಿ, 1993ರಲ್ಲಿ, ಅದು 'ಮಾಂಟ್ರೂ ದಾಖಲೆ'ಗೆ ಸೇರಿತು. ಆಸ್ಪತ್ರೆ ಭಾಷೆಯಲ್ಲಿ ಹೇಳೋದಾದ್ರೆ ವಾರ್ಡಿನಿಂದ ಐಸಿಯುಗೆ. ಕಾರಣ ಬಾಯಿ. ಅಳಿವೆ ಉತ್ತರಕ್ಕೆ ಸರಿದು ಸರಿದು, ಸರೋವರಕ್ಕೂ ಸಮುದ್ರಕ್ಕೂ ನಡುವೆ ಉದ್ದನೆಯ, ಹೂಳು ತುಂಬಿದ ಕಾಲುವೆಯಷ್ಟೇ ಉಳಿದಿತ್ತು. ನದಿಗಳು ತಂದ ಮಣ್ಣು ಹೊರಗೆ ಹೋಗುವಂತಿಲ್ಲ, ಉಪ್ಪುನೀರು ಒಳಗೆ ಬರುವಂತಿಲ್ಲ. ನೀರು ಸಿಹಿಯಾದಂತೆ ಸಿಹಿನೀರಿನ ಕಳೆ ಹಬ್ಬಿತು. ಸಿಗಡಿ ಮರಿಗಳಿಗೆ ದಾರಿಯೇ ಇಲ್ಲ. 1999-2000ರಲ್ಲಿ ಇಡೀ ಸರೋವರದಲ್ಲಿ ಸಿಕ್ಕಿದ್ದು ಸುಮಾರು 1,700 ಟನ್ ಮೀನು, ಸಿಗಡಿ, ಏಡಿ. ಚಿಕ್ಕಪ್ಪ ಹೇಳಿದ "ಬರೀ ಕಳೆ" ಇದೇ.

ಚಿಲಿಕಾ ಅಭಿವೃದ್ಧಿ ಪ್ರಾಧಿಕಾರ ಪುಣೆಯ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಿಂದ ಅಧ್ಯಯನ ಮಾಡಿಸಿತು. ಹಳೆಯ ಬಾಯಿಯನ್ನ ಕೆರೆಯುತ್ತಾ ಕೂರುವುದಕ್ಕಿಂತ ಸರೋವರಕ್ಕೆ ಹತ್ತಿರದಲ್ಲೇ, ಸಾತಪಡಾದ ಕಡೆ, ಮರಳು ಪಟ್ಟಿಯನ್ನ ಸೀಳಿ ಹೊಸ ಬಾಯಿ ಮಾಡುವುದೇ ಮೇಲು ಅಂತ ತೀರ್ಮಾನವಾಯಿತು. 2000ದ ಸೆಪ್ಟೆಂಬರ್ 23ರಂದು ಹೊಸ ಬಾಯಿ ತೆರೆದರು. ಸಮುದ್ರ ಒಳಗೆ ಬಂತು. ಮುಂದಿನದ್ದು ನಂಬೋಕೆ ಕಷ್ಟ: 2001-02ರಲ್ಲಿ ಸಿಕ್ಕ ಮೀನು ಸುಮಾರು 12,000 ಟನ್. ಕಳೆ ಕಡಿಮೆಯಾಯಿತು. 2002ರಲ್ಲಿ ಚಿಲಿಕಾ ಮಾಂಟ್ರೂ ದಾಖಲೆಯಿಂದ ಹೊರಬಂತು, ಏಷ್ಯಾದಲ್ಲಿ ಹಾಗೆ ಹೊರಬಂದ ಮೊದಲ ತಾಣ. ಪ್ರಾಧಿಕಾರಕ್ಕೆ ಅದೇ ವರ್ಷ ರಾಮ್ಸಾರ್ ಪ್ರಶಸ್ತಿಯೂ ಬಂತು. ಸರ್ಕಾರಿ ಇಲಾಖೆಯೊಂದು ಸರಿಯಾದ ಕೆಲಸವನ್ನ ಸರಿಯಾಗಿ ಮಾಡಿದ ಉದಾಹರಣೆ ಬೇಕಾದರೆ ಇದನ್ನ ಇಟ್ಟುಕೊಳ್ಳಿ, ಬಹಳ ಸಿಗಲ್ಲ.

ಉತ್ತರ ದಡದ ಮಂಗಳಜೋಡಿಯಲ್ಲಿ ನಡೆದಿದ್ದು ಇನ್ನೊಂದು ಥರದ ರಿಪೇರಿ. ಚಳಿಗಾಲದಲ್ಲಿ ಚಿಲಿಕಾಗೆ ಸುಮಾರು 10 ಲಕ್ಷ ಹಕ್ಕಿ ಬರುತ್ತವೆ. ಬಹಳಷ್ಟು ಮಂಗೋಲಿಯಾ, ಬೈಕಲ್, ಲಡಾಖ್, ಮಧ್ಯ ಏಷ್ಯಾದಿಂದ. ಗದಗಿನ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಅಲ್ಲಿಗೂ ಬರುತ್ತದೆ. ಸರೋವರದ ನಡುವಿನ ನಳಬನ 1987ರಲ್ಲೇ ಪಕ್ಷಿಧಾಮ ಆಗಿತ್ತು. ಮಳೆಗಾಲದಲ್ಲಿ ಮುಳುಗಿ ಹಕ್ಕಿ ಬರುವ ಹೊತ್ತಿಗೆ ತಲೆ ಎತ್ತುವ ದ್ವೀಪ ಅದು. ಆದರೆ ಮಂಗಳಜೋಡಿ ಬೇಟೆಗಾರರ ಹಳ್ಳಿ. ಬಂದೂಕು, ಬಲೆ, ವಿಷ ಎಲ್ಲ ನಡೆಯುತ್ತಿತ್ತು. ಹಿಡಿದ ಬಾತುಗಳು ಚೀಲ ತುಂಬಿಕೊಂಡು ಪೇಟೆಗೆ ಹೋಗುತ್ತಿದ್ದವು. 1990ರ ದಶಕದ ಕೊನೆಗೆ 'ವೈಲ್ಡ್ ಒಡಿಶಾ' ಸಂಸ್ಥೆಯವರು ಹೋಗಿ ಮಾತಾಡಲು ಶುರು ಮಾಡಿದರು. 2000ದಲ್ಲಿ ಬೇಟೆಗಾರರೇ ಸೇರಿ ಪಕ್ಷಿ ರಕ್ಷಣಾ ಸಮಿತಿ ಕಟ್ಟಿಕೊಂಡರು. ಹಕ್ಕಿಯ ಕೂಗು ಅನುಕರಿಸಿ ಹಿಡಿಯುತ್ತಿದ್ದವರು ಇವತ್ತು ಉದ್ದ ಕೋಲಿನ ದೋಣಿಯಲ್ಲಿ ನಮ್ಮನ್ನ ಕೂರಿಸಿಕೊಂಡು, ಬೈನಾಕ್ಯುಲರ್ ಕೊಟ್ಟು, ಅದೇ ಹಕ್ಕಿಯ ಹೆಸರು ಹೇಳುತ್ತಾರೆ. ಎಂಜಿನ್ ಇಲ್ಲ, ಕೋಲು ಊರಿ ನೂಕುವುದು. ಹಕ್ಕಿ ಹತ್ತು ಮಾರು ದೂರದಲ್ಲಿದ್ದರೂ ಹಾರುವುದಿಲ್ಲ.

ಹಾಗಂತ ಕಥೆ ಸುಖಾಂತ್ಯ ಅಂತ ಹೇಳಿ ಮುಗಿಸುವಂತಿಲ್ಲ. ಬಾಯಿ ತೆರೆದು ಉಪ್ಪುನೀರು ಬಂದಿದ್ದರಿಂದ ಸಿಗಡಿಗೆ ಒಳ್ಳೆಯದಾಯಿತು, ಹಾಗಾಗಿ ಘೇರಿ ಹಾಕುವವರಿಗೂ ಒಳ್ಳೆಯದಾಯಿತು. ಸರ್ಕಾರ ಆಗಾಗ ಕಿತ್ತುಹಾಕುತ್ತದೆ, ಮತ್ತೆ ಏಳುತ್ತವೆ. ಸಮುದ್ರವೂ ಸುಮ್ಮನೆ ಕೂತಿಲ್ಲ. 2013ರ ಫೈಲಿನ್, 2019ರ ಫನಿ ಚಂಡಮಾರುತಗಳು ಮರಳು ಪಟ್ಟಿಯನ್ನ ಒಡೆದು ತಮಗೆ ಬೇಕಾದ ಕಡೆ ಹೊಸ ಬಾಯಿ ಮಾಡಿಹೋದವು. ಬಾಯಿ ಕಟ್ಟಿದರೆ ಒಂದು ಕಷ್ಟ, ಹೆಚ್ಚು ತೆರೆದುಕೊಂಡು ಉಪ್ಪು ಜಾಸ್ತಿಯಾದರೆ ಇನ್ನೊಂದು. ಸುಮಾರು 2 ಲಕ್ಷ ಜನರ ಅನ್ನ ಈ ಹದದ ಮೇಲೆ ನಿಂತಿದೆ.

ಮತ್ತೆ ನಮ್ಮ ಡಾಲ್ಫಿನ್. ಇಡೀ ಚಿಲಿಕಾದಲ್ಲಿ ಇರುವುದು ಸುಮಾರು 150. ನಮ್ಮ ಅಪಾರ್ಟ್‌ಮೆಂಟಿನ ಒಂದು ಬ್ಲಾಕಿನ ಜನಸಂಖ್ಯೆ ಇದಕ್ಕಿಂತ ಜಾಸ್ತಿ ಇದೆ. ಡಾಲ್ಫಿನ್ ದಾರಿ ಹುಡುಕುವುದು, ಮೀನು ಹುಡುಕುವುದು, ತನ್ನವರನ್ನ ಕರೆಯುವುದು ಎಲ್ಲ ಶಬ್ದದಿಂದ. ಕಲಕಿದ, ಆಳವಿಲ್ಲದ ನೀರಿನಲ್ಲಿ ಕಣ್ಣಿಗೆ ಕೆಲಸ ಇಲ್ಲ. ಐದು ಡೀಸೆಲ್ ಎಂಜಿನ್ ಒಟ್ಟಿಗೆ ಸುತ್ತುವರಿದರೆ ಅದಕ್ಕೆ ಏನಾಗುತ್ತೆ ಅನ್ನೋದು ಯೋಚನೆ ಮಾಡಿದರೆ ಗೊತ್ತಾಗುತ್ತೆ. ಬಲೆಗೆ ಸಿಕ್ಕಿ ಸಾಯುತ್ತವೆ, ಪ್ರೊಪೆಲ್ಲರ್ ತಗುಲಿಯೂ ಸಾಯುತ್ತವೆ. ಹತ್ತಿರ ಹೋದಾಗ ಎಂಜಿನ್ ನಿಲ್ಲಿಸಬೇಕು, ಸುತ್ತುವರಿಯಬಾರದು, ಅಟ್ಟಬಾರದು ಅಂತ ನಿಯಮ ಇದೆ. ಚಿಕ್ಕಪ್ಪನಿಗೆ ಅದು ಗೊತ್ತಿತ್ತು, ಅದಕ್ಕೇ ಎಂಜಿನ್ ಬಂದ್ ಮಾಡಿ ಕೂತಿದ್ದರು. ನಿಯಮ ಮುರಿಸಿದ್ದು ನಾವು. ಎರಡೂವರೆ ಸಾವಿರ ರೂಪಾಯಿ ಕೊಟ್ಟಿದ್ದೀವಿ ಅನ್ನುವ ಧೈರ್ಯದಲ್ಲಿ.

ಇದೆಲ್ಲ ದೂರದ ಒಡಿಶಾದ ವಿಷಯ ಅನ್ನಬೇಡಿ. ನಮ್ಮ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲೂ ಉಪ್ಪು ಸಿಹಿ ಬೆರೆಯುವ ನೀರು, ಚಿಪ್ಪೆಕಲ್ಲು ಹೆಕ್ಕುವ ಹೆಂಗಸರು, ಗಜನಿಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಆಮೇಲೆ ಸಿಗಡಿ, ಮೀನು. ಆ ದಡಕ್ಕೂ ತದಡಿಯಲ್ಲಿ ಒಮ್ಮೆ ಶಾಖೋತ್ಪನ್ನ ಸ್ಥಾವರ, ಒಮ್ಮೆ ಬಂದರು ಅಂತ ಪ್ರಸ್ತಾಪ ಬಂದು ಊರವರು ಬೀದಿಗಿಳಿದಿದ್ದುಂಟು. ಪಟ್ಟಿಗೆ ಸೇರುವುದು ಸುಲಭ. ಸೇರಿದ ಹನ್ನೆರಡು ವರ್ಷಕ್ಕೆ ಏನಾಗಬಹುದು ಅಂತ ಚಿಲಿಕಾ ತೋರಿಸಿಕೊಟ್ಟಿದೆ. ಆ ಪಾಠ ಪುಕ್ಕಟೆ ಸಿಕ್ಕಿದೆ, ಚಿಲಿಕಾದವರು ಅದಕ್ಕೆ ದುಬಾರಿ ಬೆಲೆ ಕೊಟ್ಟಿದ್ದಾರೆ.

ಗೋಕರ್ಣಕ್ಕೆ ಹೋಗುವ ಲಾಂಗ್ ವೀಕೆಂಡ್‌ಗಳಲ್ಲಿ ನಮ್ಮ ಕಾರುಗಳು ಆ ಅಳಿವೆಯ ಆಸುಪಾಸಿನಲ್ಲೇ ಹಾದು ಹೋಗುತ್ತವೆ.

ಊರಿಂದ ಬಂದ ರಾತ್ರಿ ಗೇಟಿನಲ್ಲಿ ಅದೇ ಹುಡುಗ ಇದ್ದ. "ಡಾಲ್ಫಿನ್ ಸಿಕ್ತಾ ಸಾರ್?" ಅಂದ. ಸಿಕ್ತು, ಒಂದು ಸಲ, ಅಂದೆ. ನಲವತ್ತು ಫೋಟೋ ತೋರಿಸಿದೆ. ಒಂದೊಂದಾಗಿ ಸರಿಸುತ್ತಾ ನೋಡಿದ. ಡಾಲ್ಫಿನ್ ಇಲ್ಲದ್ದು ಅವನಿಗೇನೂ ಅನ್ನಿಸಲಿಲ್ಲ. ಒಂದು ಫೋಟೋದ ಮೂಲೆಯಲ್ಲಿ, ನೀರಿನಲ್ಲಿ ನೆಟ್ಟ ಬಿದಿರಿನ ಸಾಲು ಕಾಣುತ್ತಿತ್ತು. ಅದನ್ನ ಬೆರಳಿಂದ ದೊಡ್ಡದು ಮಾಡಿ ತುಂಬ ಹೊತ್ತು ನೋಡಿದ.

"ಇಲ್ಲಿ ನಮ್ಮಪ್ಪ ಬಲೆ ಹಾಕ್ತಿದ್ರು ಸಾರ್," ಅಂದ. "ಈಗ ಬೇರೆಯವರ ಘೇರಿ."

ಫೋನ್ ವಾಪಸ್ ಕೊಟ್ಟು, ಹಿಂದೆ ಹಾರನ್ ಹೊಡೆಯುತ್ತಿದ್ದ ಕಾರಿಗೆ ಗೇಟ್ ತೆಗೆಯಲು ಹೋದ.